ನಾರ್ಮನ್ ಲಿಯರ್ ಹೋದ್ರು: ಮನೆ ಜಗಳನ ಕಾಮಿಡಿ ಮಾಡಿದ ಮನುಷ್ಯ, ಮತ್ತೆ ನಮ್ಮ ಟಿವಿಗೆ ಅದ್ಯಾಕೆ ಬರ್ಲಿಲ್ಲ ಅನ್ನೋ ಮಾತು

2023ರ ಡಿಸೆಂಬರ್ 5ಕ್ಕೆ ಅಮೆರಿಕದ ಟಿವಿ ಕಾಮಿಡಿ ಪ್ರೊಡ್ಯೂಸರ್ ನಾರ್ಮನ್ ಲಿಯರ್ ಲಾಸ್ ಏಂಜಲೀಸ್‌ನಲ್ಲಿ ತೀರ್ಕೊಂಡ್ರು, 101 ವರ್ಷ ಆಗಿತ್ತು. ಮಾರನೇ ದಿನ ರಾತ್ರಿ 8 ಗಂಟೆಗೆ ಅಮೆರಿಕದ ದೊಡ್ಡ ಚಾನೆಲ್‌ಗಳೆಲ್ಲ ಒಂದೇ ಟೈಮಿಗೆ ಅವರ ನೆನಪಿಗೆ ಅಂತ ಒಂದು ಕಾರ್ಡ್ ಹಾಕಿದ್ವು, ಒಬ್ಬರ ಕಾಲು ಒಬ್ಬರು ಎಳೆಯೋ ಚಾನೆಲ್‌ಗಳು ಒಬ್ಬ ಪ್ರೊಡ್ಯೂಸರ್‌ಗೋಸ್ಕರ ಹೀಗೆ ಸೇರೋದು ಅಂದ್ರೆ ಸಣ್ಣ ವಿಷಯ ಅಲ್ಲ. ತುಮಕೂರಲ್ಲಿ ಕೂತು ಈ ಹೆಸರು ಹೇಳಿದ್ರೆ ಯಾರಪ್ಪಾ ಅದು ಅನ್ನೋರೇ ಜಾಸ್ತಿ, ಅದರಲ್ಲಿ ಅವರ ತಪ್ಪೇನೂ ಇಲ್ಲ, ಲಿಯರ್ ಉತ್ತುಂಗದಲ್ಲಿದ್ದ 70ರ ದಶಕದಲ್ಲಿ ನಮ್ಮ ಕಡೆ ಟಿವಿನೇ ಇರ್ಲಿಲ್ಲ, ಬೆಂಗಳೂರು ದೂರದರ್ಶನ ಶುರುವಾಗಿದ್ದೇ 1981ರಲ್ಲಿ. ಆದ್ರೂ ಇಲ್ಲಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ ಹುಟ್ಟಿ ಬೆಳೆದ ನಾಟಕ ಕಂಪನಿ ಬಗ್ಗೆ ಒಸಿ ಗೊತ್ತಿರೋರಿಗೆ ಈ ಮನುಷ್ಯ ಮಾಡಿದ್ದು ಏನು ಅನ್ನೋದು ಬೇಗ ಅರ್ಥ ಆಗುತ್ತೆ ಅಂತ ನನಗನ್ಸುತ್ತೆ.

ಅವರು ಹೋದ ಮೇಲೆ ಬಂದ ಬರಹಗಳಲ್ಲಿ ಎಲ್ಲಾ ಕಡೆ ಒಂದೇ ಮಾತು: ಟಿವಿಯಲ್ಲಿ ಆಡಬಾರದ ಮಾತನ್ನ ಆಡಿಸಿದ ಧೈರ್ಯವಂತ. ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ರೇಡಿಯೋ ಆಪರೇಟರ್ ಆಗಿ 52 ಸಲ ಹಾರಿ ಬಂದ ಮನುಷ್ಯನಿಗೆ ಚಾನೆಲ್ ಆಫೀಸರ್‌ಗಳ ಭಯ ಎಷ್ಟಿರುತ್ತೆ ಹೇಳಿ. ಆದ್ರೆ ಬರೀ ಧೈರ್ಯ ನಂಬ್ಕೊಂಡು ಟಿವಿ ನಡೆಯಲ್ಲ, ಧೈರ್ಯ ಇರೋರನ್ನ ಮೂರನೇ ಎಪಿಸೋಡಿಗೇ ಮನೆಗೆ ಕಳಿಸ್ತಾರೆ. ಲಿಯರ್ ವಿಷಯದಲ್ಲಿ ಎಲ್ಲರೂ ಬಿಟ್ಟುಬಿಡೋದು ಏನು ಅಂದ್ರೆ, ಅವರು ತಮ್ಮ ಶೋಗಳಿಗೆ ಮಾಲೀಕರಾಗಿದ್ರು. ಆ ಕಡೆಗೆ ಆಮೇಲೆ ಬರ್ತೀನಿ, ಮೊದಲು ಶೋ ಏನಿತ್ತು ನೋಡೋಣ.

1971ಕ್ಕೆ ಮುಂಚೆ ಅಮೆರಿಕದ ಟಿವಿ ಕಾಮಿಡಿ ಹೆಂಗಿತ್ತು ಅಂದ್ರೆ ಮಾತಾಡೋ ಕುದುರೆ, ಮಾಟಗಾತಿ ಹೆಂಡ್ತಿ, ನೆಲದಲ್ಲಿ ಕಚ್ಚಾ ತೈಲ ಸಿಕ್ಕಿ ದಿಢೀರ್ ಶ್ರೀಮಂತರಾದ ಹಳ್ಳಿ ಜನ. ಹೊರಗಡೆ ವಿಯೆಟ್ನಾಂ ಯುದ್ಧ, ಕರಿಯರ ಹಕ್ಕಿನ ಹೋರಾಟ, ಕಾಲೇಜುಗಳಲ್ಲಿ ಗಲಾಟೆ, ಟಿವಿ ಒಳಗಡೆ ಇದ್ಯಾವುದರ ಗಾಳಿನೂ ಇಲ್ಲ. ಅಂಥ ಟೈಮಲ್ಲಿ ಲಿಯರ್ ಬ್ರಿಟನ್ನಿನಲ್ಲಿ ಓಡ್ತಿದ್ದ ಒಂದು ಕಾಮಿಡಿ ಬಗ್ಗೆ ಕೇಳಿದ್ರು, ಟಿಲ್ ಡೆತ್ ಅಸ್ ಡು ಪಾರ್ಟ್ ಅಂತ, ಬಾಯಿಬಡುಕ ಮಾವ ಮತ್ತೆ ಎಡಪಂಥೀಯ ಅಳಿಯ ಒಂದೇ ಮನೇಲಿ ಕಿತ್ತಾಡೋದು. ಕೇಳಿದ ತಕ್ಷಣ ಅವರಿಗೆ ಸ್ವಂತ ಅಪ್ಪನೇ ಕಣ್ಮುಂದೆ ಬಂದ್ರಂತೆ. ಆ ಅಪ್ಪ ಹೆಂಡ್ತಿಗೆ ಬಾಯ್ಮುಚ್ಚು ಅಂತ ಗದರೋ ಟೈಪು, ಮಗನನ್ನ ಸೋಮಾರಿ ಅಂತ ಬೈಯೋ ಟೈಪು, ಮಗನಿಗೆ 9 ವರ್ಷ ಇರುವಾಗ ಮೋಸದ ಕೇಸಲ್ಲಿ ಜೈಲಿಗೂ ಹೋದೋರು. ಹಂಗಿದ್ರೂ ಲಿಯರ್ ಅಪ್ಪನನ್ನ ದ್ವೇಷಿಸ್ಲಿಲ್ಲ, ಅದೇ ಮುಂದೆ ಬಂದ ಶೋಗೆ ಬಂಡವಾಳ ಆಯ್ತು.

ಎಬಿಸಿ ಚಾನೆಲ್ ಎರಡು ಸಲ ದುಡ್ಡು ಕೊಟ್ಟು ಪೈಲಟ್, ಅಂದ್ರೆ ಸ್ಯಾಂಪಲ್ ಎಪಿಸೋಡ್, ಮಾಡಿಸಿ ಎರಡು ಸಲವೂ ಬೇಡ ಅಂತು. ಕೊನೆಗೆ ಸಿಬಿಎಸ್ ತಗೊಳ್ತು, 1971ರ ಜನವರಿ 12ಕ್ಕೆ 'ಆಲ್ ಇನ್ ದ ಫ್ಯಾಮಿಲಿ' ಶುರುವಾಯ್ತು. ಚಾನೆಲ್‌ಗೆ ಎಷ್ಟು ಭಯ ಇತ್ತು ಅಂದ್ರೆ, ಶುರುವಿಗೇ ಒಂದು ಎಚ್ಚರಿಕೆ ಹಾಕಿದ್ರು, ನಮ್ಮ ದೌರ್ಬಲ್ಯ, ಪೂರ್ವಗ್ರಹಗಳ ಮೇಲೆ ತಮಾಷೆಯಾಗಿ ಬೆಳಕು ಹಾಕ್ತಿದೀವಿ ಅನ್ನೋ ಅರ್ಥದಲ್ಲಿ, ಜೊತೆಗೆ ಬೈಯೋಕೆ ಫೋನ್ ಮಾಡೋ ಜನರನ್ನ ಸಂಭಾಳಿಸೋಕೆ ಎಕ್ಸ್‌ಟ್ರಾ ಆಪರೇಟರ್‌ಗಳನ್ನೂ ಕೂರಿಸಿದ್ರು. ಅವರು ಅಂದ್ಕೊಂಡಷ್ಟು ಫೋನೇ ಬರ್ಲಿಲ್ಲ. ಮೊದಲ ತಿಂಗಳುಗಳಲ್ಲಿ ನೋಡೋರೂ ಕಮ್ಮಿನೇ, ಆಮೇಲೆ ಮರುಪ್ರಸಾರದಲ್ಲಿ ಹತ್ಕೊಂಡಿದ್ದು ಐದು ವರ್ಷ ಸತತವಾಗಿ ನಂಬರ್ 1 ಜಾಗ ಬಿಟ್ಟುಕೊಡ್ಲಿಲ್ಲ.

ಶೋ ಅಂದ್ರೆ ಏನು, ನ್ಯೂಯಾರ್ಕಿನ ಕ್ವೀನ್ಸ್ ಅನ್ನೋ ಏರಿಯಾದಲ್ಲಿ ಒಂದು ಮನೆ, ಅದರ ಹಾಲ್ (ನಡುಮನೆ), ಹಾಲಲ್ಲಿ ಒಂದು ಹಳೇ ಕುರ್ಚಿ. ಕುರ್ಚಿ ಮೇಲೆ ಆರ್ಚಿ ಬಂಕರ್, ಕೂಲಿ ಮಾಡಿ ಸುಸ್ತಾಗಿ ಬರೋ ಬಿಳಿಯ, ಕರಿಯರು ಯಹೂದಿಗಳು ಹೆಂಗಸರು ಯಾರನ್ನೂ ಬಿಡದೆ ಬೈಯೋನು. ಹೆಂಡ್ತಿ ಈಡಿತ್, ನೋಡೋಕೆ ಪೆದ್ದಿ ಆದ್ರೆ ಮನೇಲಿ ನಿಜವಾಗ್ಲೂ ಮನುಷ್ಯತ್ವ ಇರೋದು ಅವಳಿಗೊಬ್ಬಳಿಗೇ. ಮಗಳು ಗ್ಲೋರಿಯಾ, ಅಳಿಯ ಮೈಕ್, ಮಾವನ ಅನ್ನ ತಿಂದ್ಕೊಂಡು ಮಾವನಿಗೇ ಸಮಾನತೆ ಪಾಠ ಹೇಳೋನು. ಇಲ್ಲಿ ಒಂದು ಸೂಕ್ಷ್ಮ ಇದೆ, ಬರಹಗಾರರು ಅಳಿಯನ ಪಕ್ಷ ಅನ್ನೋದು ಎಲ್ರಿಗೂ ಗೊತ್ತು, ಆದ್ರೂ ಅಳಿಯನನ್ನ ಹೀರೋ ಮಾಡಲ್ಲ, ಅವನ ಜಂಬ, ಅವನು ಹೆಂಡ್ತಿನ ನಡೆಸ್ಕೊಳ್ಳೋ ರೀತಿ ಎಲ್ಲಾ ಬಯಲಿಗೆ ಬರುತ್ತೆ. ಯಾರೂ ಮನೆ ಬಿಟ್ಟು ಹೋಗಂಗಿಲ್ಲ, ಯಾರೂ ಗೆಲ್ಲಂಗಿಲ್ಲ, ಮುಂದಿನ ವಾರ ಮತ್ತೆ ಅದೇ ಹಾಲಲ್ಲಿ ಇನ್ನೊಂದು ಜಗಳ. ಆ ಕುರ್ಚಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಶೂಟಿಂಗ್ ನಡೀತಿದ್ದಿದ್ದು ಸ್ಟುಡಿಯೋದಲ್ಲಿ ಜನ ಕೂರಿಸಿ, ನಾಟಕದ ಥರ ಉದ್ದಕ್ಕೆ ಆಡಿಸಿ, ಟೇಪಲ್ಲಿ ರೆಕಾರ್ಡ್ ಮಾಡಿ. ನಗು ನಿಜವಾದ ಜನರ ನಗು. ಯಾವ ಮಾತಿಗೆ ಜನ ನಗ್ತಾರೆ, ಯಾವ ಮಾತಿಗೆ ಒಂದು ಕ್ಷಣ ಉಸಿರು ಬಿಗಿ ಹಿಡಿದು ಆಮೇಲೆ ನಗ್ತಾರೆ ಅನ್ನೋದು ನಟರಿಗೆ ಅಲ್ಲೇ ಗೊತ್ತಾಗ್ತಿತ್ತು. ಕಂಪನಿ ನಾಟಕ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗುಬ್ಬಿ ವೀರಣ್ಣನವರು ಸದಾರಮೆ ನಾಟಕದಲ್ಲಿ ಕಳ್ಳನ ಪಾರ್ಟು ಮಾಡಿ ಹೆಸರಾದೋರು, ತಿಪಟೂರಿನ ನರಸಿಂಹರಾಜು ಸಿನಿಮಾಗೆ ಹೋಗೋಕೆ ಮುಂಚೆ ಪಳಗಿದ್ದು ಇಂಥ ಕಂಪನಿಗಳಲ್ಲೇ. ಆಮೇಲೆ ಮಾಸ್ಟರ್ ಹಿರಣ್ಣಯ್ಯ ಬಂದ್ರು, ಲಂಚಾವತಾರದಲ್ಲಿ ಆವತ್ತಿನ ಪೇಪರಿನ ಸುದ್ದಿನ ಆವತ್ತೇ ಸ್ಟೇಜಿಗೆ ತಂದು ಮಂತ್ರಿಗಳ ಮಾನ ಹರಾಜು ಹಾಕೋರು. ನಗಿಸ್ತಾ ಚುಚ್ಚೋದು ನಮಗೇನು ಹೊಸದಲ್ಲ ಅಂತ ಹೇಳೋಕೆ ಇಷ್ಟು ಹೇಳಿದ್ದು.

ಲಿಯರ್ ಮಾಡಿದ ಶೋಗಳ ಲಿಸ್ಟ್ ಉದ್ದ ಇದೆ, ಸ್ಯಾನ್‌ಫರ್ಡ್ ಆ್ಯಂಡ್ ಸನ್, ಮಾಡ್, ಗುಡ್ ಟೈಮ್ಸ್, ದ ಜೆಫರ್ಸನ್ಸ್, ಒನ್ ಡೇ ಅಟ್ ಎ ಟೈಮ್, ಎಲ್ಲಾ 1972ರಿಂದ 75ರ ಒಳಗೆ ಶುರುವಾಗಿದ್ದು. ಒಂದರ ಬಗ್ಗೆ ಮಾತ್ರ ಹೇಳ್ತೀನಿ. 'ಮಾಡ್' ಅನ್ನೋದು ಆರ್ಚಿಯ ಹೆಂಡ್ತಿಯ ಕಸಿನ್ ಕಥೆ, 47 ವಯಸ್ಸಿನ ಗಟ್ಟಿ ಬಾಯಿನ ಹೆಂಗಸು. 1972ರ ನವೆಂಬರಲ್ಲಿ ಎರಡು ಎಪಿಸೋಡ್ ಬಂತು, ಆ ವಯಸ್ಸಲ್ಲಿ ಅವಳು ಬಸುರಿ ಆಗ್ತಾಳೆ, ಗಂಡನ ಜೊತೆ ಮಾತಾಡಿ ಗರ್ಭಪಾತ ಮಾಡಿಸ್ಕೊಳ್ಳೋ ತೀರ್ಮಾನಕ್ಕೆ ಬರ್ತಾಳೆ. ಗರ್ಭಪಾತ ಹೆಂಗಸರ ಹಕ್ಕು ಅಂತ ದೇಶದ ಸುಪ್ರೀಂ ಕೋರ್ಟು ರೋ ವರ್ಸಸ್ ವೇಡ್ ತೀರ್ಪು ಕೊಟ್ಟಿದ್ದು ಅದಾದ ಎರಡು ತಿಂಗಳಿಗೆ, 1973ರ ಜನವರಿಯಲ್ಲಿ. ಮೊದಲ ಸಲ ಬಂದಾಗ ಇಲಿನಾಯ್ ರಾಜ್ಯದ ಎರಡು ಲೋಕಲ್ ಸ್ಟೇಷನ್‌ಗಳು ಹಾಕಲ್ಲ ಅಂದ್ವು ಅಷ್ಟೆ, ಮರುಪ್ರಸಾರದ ಹೊತ್ತಿಗೆ ವಿರೋಧ ಸಂಘಟಿತ ಆಗಿ ಹತ್ತಾರು ಸ್ಟೇಷನ್‌ಗಳು ಕೈಬಿಟ್ವು, ಜಾಹೀರಾತು ಕೊಡೋರು ಓಡಿಹೋದ್ರು. ಆ ತೀರ್ಪನ್ನ ಕೋರ್ಟೇ 2022ರಲ್ಲಿ ತೆಗೆದು ಹಾಕ್ತು, ಲಿಯರ್ ಅದನ್ನೂ ನೋಡ್ಕೊಂಡೇ ಹೋದ್ರು. ಇನ್ನೊಂದು ಮಜಾ ಅಂದ್ರೆ ಆ ಕಡೆ ಪ್ರೆಸಿಡೆಂಟ್ ನಿಕ್ಸನ್ ಕೂಡ 1971ರ ಮೇ ತಿಂಗಳಲ್ಲಿ ಶ್ವೇತಭವನದಲ್ಲಿ ಕೂತು, ಆರ್ಚಿಯ ಶೋನಲ್ಲಿ ಸಲಿಂಗಿಗಳನ್ನ ಒಳ್ಳೆಯೋರ ಥರ ತೋರಿಸ್ತಾರೆ ಅಂತ ಗೊಣಗಾಡಿದ್ದು ಅವರದೇ ಟೇಪುಗಳಲ್ಲಿ ರೆಕಾರ್ಡ್ ಆಗಿ ಉಳ್ಕೊಂಡಿದೆ.

ಸರಿ, ಈಗ ಹೊಗಳೋರು ಮುಟ್ಟದೇ ಇರೋ ಜಾಗಕ್ಕೆ ಬರೋಣ. ಇಷ್ಟೆಲ್ಲಾ ನಗಿಸಿದ್ರಲ್ಲ, ಜನ ನಕ್ಕಿದ್ದು ಆರ್ಚಿನ ನೋಡಿಯೋ, ಆರ್ಚಿ ಜೊತೆ ಸೇರ್ಕೊಂಡೋ?

1971ರಲ್ಲೇ ಲಾರಾ ಹಾಬ್ಸನ್ ಅನ್ನೋ ಲೇಖಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಝಾಡಿಸಿ ಬರೆದ್ರು. ನಿಜವಾದ ಜನಾಂಗ ದ್ವೇಷಿ ಮನೇಲಿ ಬಳಸೋ ಪದಗಳೇ ಬೇರೆ, ನೀವು ಅದರಲ್ಲಿ ಮೆತ್ತನೆಯ ಬೈಗುಳಗಳನ್ನ ಮಾತ್ರ ಆರಿಸಿ ಅವನ ಬಾಯಿಗಿಟ್ಟಿದೀರ, ಅದಕ್ಕೇ ಅವನು ಮುದ್ದಾಗಿ ಕಾಣ್ತಾನೆ, ದ್ವೇಷವನ್ನ ತೊಳೆದು ಇಸ್ತ್ರಿ ಮಾಡಿ ಕೊಟ್ಟಂಗಾಯ್ತು ಅನ್ನೋದು ಅವರ ವಾದದ ತಿರುಳು. ಲಿಯರ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ರು. ಆದ್ರೆ 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಅಮೆರಿಕ ಮತ್ತು ಕೆನಡಾದ ವೀಕ್ಷಕರ ಮೇಲೆ ಸ್ಟಡಿ ಮಾಡಿ ಪ್ರಿಂಟ್ ಮಾಡಿದ್ದು ಲಿಯರ್ ಪಕ್ಷದೋರಿಗೆ ಇನ್ನೂ ಇರಿಸುಮುರಿಸು. ಶೋ ಎಲ್ರಿಗೂ ತಮಾಷೆ ಅನ್ಸಿತ್ತು, ಸರಿ. ಆದ್ರೆ ಪೂರ್ವಗ್ರಹ ಕಮ್ಮಿ ಇರೋರು ಆರ್ಚಿನ ಗೇಲಿ ಮಾಡ್ತಿದಾರೆ ಅಂತ ನೋಡಿದ್ರೆ, ಪೂರ್ವಗ್ರಹ ಜಾಸ್ತಿ ಇರೋರು ಆರ್ಚಿ ಹೇಳೋದ್ರಲ್ಲೇ ಅರ್ಥ ಇದೆ, ಕೊನೆಗೆ ಗೆಲ್ಲೋದೂ ಅವನೇ ಅಂದ್ಕೊಂಡು ನೋಡ್ತಿದ್ರು. ಒಂದೇ ಸೀನು, ಎರಡು ಬೇರೆ ಬೇರೆ ಶೋ. 1972ರ ಚುನಾವಣೆ ಟೈಮಲ್ಲಿ ಆರ್ಚಿ ಬಂಕರ್ ಪ್ರೆಸಿಡೆಂಟ್ ಆಗ್ಲಿ ಅಂತ ಸ್ಟಿಕ್ಕರ್, ಟೀಶರ್ಟ್ ಎಲ್ಲಾ ಮಾರಾಟ ಆಗಿದ್ವು, ತಗೊಂಡೋರು ಎಲ್ರೂ ತಮಾಷೆಗೇ ತಗೊಂಡ್ರು ಅಂತ ಹೇಳೋಕಾಗಲ್ಲ.

ಇದನ್ನ ನಮ್ಮ ಮನೆಗಳಿಗೆ ತಂದು ನೋಡಿ. ಮನೆ ಕೆಲಸಕ್ಕೆ ಬರೋ ಹೆಂಗಸಿಗೆ ಲೋಟ ಬೇರೆ ಇಡೋ, ಬಾಡಿಗೆ ಕೇಳ್ಕೊಂಡು ಬಂದೋರನ್ನ ನೀವು ಯಾವ ಪೈಕಿ ಅಂತ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸೋ, ಆದ್ರೆ ಮಗಳ ಮದುವೇಲಿ ಧಾರೆ ಎರೆಯುವಾಗ ಮಗು ಥರ ಅಳೋ ಯಜಮಾನ್ರು ಎಲ್ಲರ ನೆಂಟರಲ್ಲೂ ಒಬ್ರು ಇರ್ತಾರೆ. ಅವರನ್ನ ಇಟ್ಕೊಂಡು ಕನ್ನಡದಲ್ಲಿ ಒಂದು ಸಿಟ್‌ಕಾಮ್ ಮಾಡಿದ್ರೆ ಅವರು ಕೂಡ ಅದನ್ನ ನೋಡ್ತಾರೆ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ, ನೋಡು ನಮ್ಮ ಥರಾನೇ ಹೇಳ್ತಾನೆ ಅಂತ ಖುಷಿನೂ ಪಡ್ತಾರೆ. ಅಲ್ಲಿಗೆ ಮಾಡಿದ್ದು ವೇಸ್ಟಾ? ನನಗೆ ಹಂಗನ್ಸಲ್ಲ. ಯಾಕಂದ್ರೆ ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಸೊಸೆನೋ ಮೊಮ್ಮಗಳೋ ಕೂತಿರ್ತಾಳೆ, ಅವಳು ಬೇರೆ ಕಡೆ ನಗ್ತಾಳೆ, ಅವಳು ನಕ್ಕಿದ್ದು ಯಜಮಾನ್ರಿಗೆ ಕೇಳಿಸುತ್ತೆ. ಟಿವಿಯಿಂದ ಯಜಮಾನ್ರು ಬದಲಾಗಲ್ಲ, ಆದ್ರೆ ಮನೇಲಿ ಬಾಯಿಗೆ ಬರದೆ ಇದ್ದ ವಿಷಯ ಮಾತಿಗೆ ಬರುತ್ತೆ. ಲಿಯರ್ ಕೂಡ ನನ್ನ ಶೋ ನೋಡಿ ದೇಶ ಉದ್ಧಾರ ಆಯ್ತು ಅಂತ ಕೊಚ್ಕೊಂಡೋರಲ್ಲ, ಜನ ಮಾತಾಡ್ಕೊಂಡ್ರು ಅಷ್ಟೇ ಅಂತ ಹೇಳ್ತಿದ್ರು. ಹಾಬ್ಸನ್ ಎತ್ತಿದ ಮಾತು ಮಾತ್ರ ಹಾಗೇ ಉಳಿಯುತ್ತೆ, ಯಾವ ಬೈಗುಳ ಬಿಟ್ರಿ, ಯಾವುದನ್ನ ಇಟ್ಕೊಂಡ್ರಿ ಅನ್ನೋದು.

ಕರಿಯರ ಮನೆ ಕಥೆಗಳಲ್ಲಿ ಲಿಯರ್ ಎಡವಿದ್ದೂ ಇದೆ. ಗುಡ್ ಟೈಮ್ಸ್ ಶಿಕಾಗೋದ ಬಡ ಕರಿಯ ಕುಟುಂಬದ ಕಥೆ, ಶುರುವಾಗಿದ್ದು ಗಂಭೀರವಾಗೇ, ಆಮೇಲೆ ಕೋಡಂಗಿ ಥರ ಕುಣಿಯೋ ದೊಡ್ಡ ಮಗನ ಪಾತ್ರ ಹಿಟ್ ಆಗಿ ಅದೇ ಶೋ ನುಂಗಿಬಿಡ್ತು. ಅಪ್ಪ ಅಮ್ಮನ ಪಾತ್ರ ಮಾಡ್ತಿದ್ದ ಜಾನ್ ಏಮಸ್, ಎಸ್ತರ್ ರೋಲ್ ಇಬ್ರೂ ಇದು ಸರಿಯಿಲ್ಲ ಅಂತ ಜಗಳ ಆಡಿದ್ರು, ಏಮಸ್‌ನ 1976ರಲ್ಲಿ ತೆಗೆದೇ ಬಿಟ್ರು, ಪಾತ್ರ ಸತ್ತೋಯ್ತು ಅಂತ ಕಥೆ ಬರೆದು. ಬೇರೆಯವರ ಬಾಯಿ ಮುಚ್ಚಿಸಬೇಡಿ ಅಂತ ಚಾನೆಲ್ ಜೊತೆ ಗುದ್ದಾಡ್ತಿದ್ದ ಮನುಷ್ಯನ ಕಂಪನಿಯಲ್ಲೇ ಹಿಂಗಾಯ್ತು ಅನ್ನೋದನ್ನ ಹೇಳ್ಳೇಬೇಕು. ಕರಿಯರ ಹಕ್ಕಿಗೆ ಹೋರಾಡ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯೋರು ಆಫೀಸಿಗೇ ನುಗ್ಗಿ, ಟಿವಿಯಲ್ಲಿ ಕರಿಯ ಅಂದ್ರೆ ಯಾವಾಗ್ಲೂ ಬಡವನೇ ಯಾಕೆ ಅಂತ ಬೈದು ಹೋದ್ರು ಅಂತ ಲಿಯರ್ ಅವರೇ ಹೇಳ್ಕೊಂಡಿದಾರೆ. ಆಮೇಲೆ ಬಂದಿದ್ದು ದ ಜೆಫರ್ಸನ್ಸ್, ಡ್ರೈ ಕ್ಲೀನಿಂಗ್ ಅಂಗಡಿಗಳಿಂದ ಶ್ರೀಮಂತನಾದ ಕರಿಯನ ಕಥೆ, 1985ರ ತನಕ ಓಡ್ತು.

ಈಗ ಮಾಲೀಕತ್ವದ ವಿಷಯ. ಆಲ್ ಇನ್ ದ ಫ್ಯಾಮಿಲಿಯ ಮೊದಲ ಎಪಿಸೋಡಲ್ಲೇ ಒಂದು ಮಾತು ತೆಗೀಬೇಕು ಅಂತ ಸಿಬಿಎಸ್ ಹಟ ಹಿಡೀತು, ಮಗಳು ಅಳಿಯ ಬೆಳಗ್ಗೆ ಹೊತ್ತಲ್ಲಿ ರೂಮಲ್ಲಿ ಏನ್ ಮಾಡ್ತಿದ್ರು ಅನ್ನೋ ಸೂಚನೆ ಬರೋ ಮಾತು, ಸಣ್ಣದೇ. ತೆಗೆದ್ರೆ ನಾನು ಬರಲ್ಲ ಅಂದ್ರು ಲಿಯರ್. ಈ ಸಣ್ಣದಕ್ಕೆ ಬಗ್ಗಿದ್ರೆ ಪ್ರತಿ ವಾರ ಇಂಥ ಸಣ್ಣಸಣ್ಣದಕ್ಕೆಲ್ಲ ಬಗ್ಗಬೇಕಾಗುತ್ತೆ ಅನ್ನೋದು ಅವರ ಲೆಕ್ಕ. ಚಾನೆಲ್ ಸೋಲ್ತು. ಆಮೇಲೆ ನಂಬರ್ 1 ಆದ ಮೇಲಂತೂ ಕೇಳೋದೇ ಬೇಡ. 1975ರಲ್ಲಿ ಚಾನೆಲ್‌ಗಳು ರಾತ್ರಿ 9ರ ತನಕ ಮಕ್ಕಳು ಮರಿ ಕೂತು ನೋಡೋ ಅಂಥದ್ದೇ ಹಾಕ್ಬೇಕು ಅಂತ ಫ್ಯಾಮಿಲಿ ಟೈಮ್ ಮಾಡಿ ಆರ್ಚಿನ 8 ಗಂಟೆಯಿಂದ ಎತ್ತಿ 9ಕ್ಕೆ ಹಾಕಿದಾಗ, ಬರಹಗಾರರ ಸಂಘದ ಜೊತೆ ಸೇರಿ ಕೋರ್ಟಿಗೆ ಹೋದ್ರು, 1976ರಲ್ಲಿ ಜಡ್ಜ್ ಇವರ ಪರವಾಗೇ ಹೇಳಿದ್ರು, ಸರ್ಕಾರಿ ಒತ್ತಡದಿಂದ ಹಿಂಗೆ ಮಾಡೋದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ.

ಇದಕ್ಕೆಲ್ಲ ಶಕ್ತಿ ಎಲ್ಲಿಂದ ಬಂತು? 1970ರಲ್ಲಿ ಅಮೆರಿಕ ಸರ್ಕಾರ ಒಂದು ರೂಲ್ ತಂತು, ಫಿನ್-ಸಿನ್ ಅಂತ ಕರೀತಾರೆ. ಹೊರಗಿನವರು ಮಾಡಿದ ಶೋಗಳನ್ನ ಚಾನೆಲ್ ಬರೀ ಪ್ರಸಾರ ಮಾಡಬಹುದು, ಆಮೇಲಿನ ಮರುಮಾರಾಟದ ಹಕ್ಕಲ್ಲಿ ಚಾನೆಲ್‌ಗೆ ಪಾಲಿಲ್ಲ, ಅದು ಮಾಡಿದೋನದೇ. ಬಡ್ ಯಾರ್ಕಿನ್ ಜೊತೆ ಸೇರಿ ಲಿಯರ್ ಕಟ್ಟಿದ್ದ ಕಂಪನಿ ಸರಿಯಾಗಿ ಆ ಟೈಮಿಗೇ ಹಿಟ್ ಕೊಡ್ತು. ವಾರದ ಪ್ರಸಾರದಲ್ಲಿ ಲಾಭ ಇರ್ಲಿ ಬಿಡ್ಲಿ, ಹಳೇ ಎಪಿಸೋಡ್‌ಗಳ ರಾಶಿ ಇವರ ಕೈಲೇ ಇತ್ತು. 1985ರಲ್ಲಿ ಕೋಕಾ ಕೋಲಾ ಕಂಪನಿ ಆ ರಾಶಿ ಸಮೇತ ಇವರ ಸಂಸ್ಥೆಯನ್ನ 48.5 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. ಬೇಡ ಅಂದ್ರೆ ಎದ್ದು ಹೋಗ್ತೀನಿ ಅನ್ನೋ ಮಾತಿಗೆ ಬೆಲೆ ಬರೋದು ಎದ್ದು ಹೋಗೋಕೆ ಜಾಗ ಇದ್ದಾಗ. ಆ ರೂಲ್‌ನ 1993ರ ಹೊತ್ತಿಗೆ ತೆಗೆದ್ರು, ಅಲ್ಲಿಂದಾಚೆ ಚಾನೆಲ್‌ಗಳೇ ಪ್ರೊಡ್ಯೂಸರ್‌ಗಳಾಗ್ತಾ ಬಂದ್ವು.

ಗುಬ್ಬಿ ವೀರಣ್ಣನವರನ್ನ ಮತ್ತೆ ತರೋದು ಇದಕ್ಕೇ. ಅವರು ಹಾಸ್ಯಗಾರ ಮಾತ್ರ ಆಗಿರ್ಲಿಲ್ಲ, ಕಂಪನಿ ಯಜಮಾನ. ಟಿಕೆಟ್ ತಗೊಂಡು ಟೆಂಟಲ್ಲಿ ಕೂತೋರಿಗೆ ಉತ್ತರ ಹೇಳಿದ್ರೆ ಸಾಕಾಗಿತ್ತು, ಜಾಹೀರಾತು ಕೊಡೋ ಸೋಪ್ ಕಂಪನಿಗೆ ಅಲ್ಲ. ಹಿರಣ್ಣಯ್ಯನವರದೂ ಅದೇ ಲೆಕ್ಕ, ಸ್ವಂತ ಮಂಡಳಿ. ಅದೇ ಕಲೆ ಟಿವಿಗೆ ಹೋದಾಗ ಏನಾಯ್ತು ನೋಡಿ. ದೂರದರ್ಶನದ ಕಾಲದಲ್ಲಿ ಸ್ಪಾನ್ಸರ್ ಹುಡ್ಕೊಂಡು ಬರೋದು ಪ್ರೊಡ್ಯೂಸರ್ ತಲೆನೋವು, ಕಷ್ಟ ಇತ್ತು, ಆದ್ರೂ ರಮೇಶ್ ಭಟ್ ಅವರ ಕ್ರೇಜಿ ಕರ್ನಲ್ ಥರದ್ದು ಬಂತು. ಆಮೇಲೆ ಈಟಿವಿಯಲ್ಲಿ ಸಿಹಿಕಹಿ ಚಂದ್ರು ಅವರ ಪಾಪ ಪಾಂಡು, ವಿಜಯಪ್ರಸಾದ್ ಅವರ ಸಿಲ್ಲಿ ಲಲ್ಲಿ. ಎರಡೂ ನನಗೆ ಇವತ್ತಿಗೂ ಇಷ್ಟ, ಸಮಾಜ ಸೇವಕಿ ಲಲಿತಾಂಬನ ಡೈಲಾಗ್ ಈಗ್ಲೂ ಜನರ ಬಾಯಲ್ಲಿದೆ. ಆದ್ರೆ ಅವು ವಾರಕ್ಕೆ ಐದು ದಿನ ಬರೋ ಕಾಮಿಡಿಗಳು. ಲಿಯರ್ ಟೀಮಿಗೆ ವರ್ಷಕ್ಕೆ 24 ಎಪಿಸೋಡ್ ಬರೆಯೋಕೆ ಒಂದು ರೂಮ್ ತುಂಬ ರೈಟರ್‌ಗಳಿದ್ರು, ದಿನಾ ಬರೋ ಶೋಗೆ ವರ್ಷಕ್ಕೆ 250ರ ಮೇಲೆ ಬೇಕು. ಅಷ್ಟು ಬರೆಯುವಾಗ ಹೆಂಡ್ತಿ ಗಂಡನಿಗೆ ಹೊಡೆಯೋ ಜೋಕು, ಭಾಷೆ ಜೋಕು, ದಪ್ಪ ಸಣ್ಣ ಜೋಕು ಇವೇ ಕೈಗೆ ಸಿಗೋದು, ಅದು ಬರೆಯೋರ ಸೋಮಾರಿತನ ಅಲ್ಲ. ಪಾತ್ರಗಳು ಮಂಡ್ಯ ಧಾರವಾಡ ಮಂಗಳೂರು ಕನ್ನಡ ಎಲ್ಲಾ ಮಾತಾಡ್ತಾವೆ, ಜಾತಿ ಮಾತ್ರ ಇರಲ್ಲ, ನಾನು ನೋಡಿದ್ದ್ರಲ್ಲಂತೂ ಇರ್ಲಿಲ್ಲ.

ಈಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಚಾನೆಲ್ ದುಡ್ಡು ಕೊಡುತ್ತೆ, ಪ್ರೊಡ್ಯೂಸರ್ ಮಾಡಿ ಕೊಡ್ತಾನೆ, ಹಕ್ಕು ಚಾನೆಲ್‌ದು. ಗುರುವಾರ ಟಿಆರ್‌ಪಿ ಬಂತು, ಬಿದ್ದಿದ್ರೆ ಕಥೆಯ ಟ್ರ್ಯಾಕ್ ಚೇಂಜ್. ಅದರ ಮೇಲೆ ಕೇಬಲ್ ಟಿವಿ ಕಾನೂನಿನ ಪ್ರೋಗ್ರಾಮ್ ಕೋಡ್ ಇದೆ, ಅಭಿರುಚಿಗೆ ಧಕ್ಕೆ ತರಬಾರದು, ಧರ್ಮ ಸಮುದಾಯಗಳ ಮೇಲೆ ದಾಳಿ ಮಾಡಬಾರದು ಅಂತ, ಓದೋಕೆ ಸರಿಯಾಗೇ ಇದೆ, ಆದ್ರೆ ದಾಳಿ ಯಾವುದು, ದಾಳಿ ಮಾಡೋನನ್ನ ಗೇಲಿ ಮಾಡೋದು ಯಾವುದು ಅಂತ ತೀರ್ಮಾನಿಸೋಕೆ ಯಾರಿಗೂ ಪುರುಸೊತ್ತಿಲ್ಲ, ಒಂದು ಸಂಘದೋರು ಗೇಟ್ ಹತ್ರ ಬಂದು ನಿಂತ್ರೆ ಸಾಕು. ಬಾಡಿಗೆಗೆ ಮಾಡಿ ಕೊಡೋ ಪ್ರೊಡ್ಯೂಸರ್ ಅಂಥ ಸಮಯದಲ್ಲಿ ಬರಹಗಾರನ ಪರ ನಿಲ್ಲಲಿ ಅಂದ್ರೆ ಯಾವ ಕಾಲ ಮೇಲೆ ನಿಲ್ತಾನೆ.

ಲಿಯರ್‌ಗೂ ಕೊನೆಗಾಲದಲ್ಲಿ ಈ ಬಿಸಿ ತಾಕ್ತು. ಒನ್ ಡೇ ಅಟ್ ಎ ಟೈಮ್ ಶೋನ 2017ರಲ್ಲಿ ಕ್ಯೂಬಾ ಮೂಲದ ಕುಟುಂಬದ ಕಥೆಯಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಮತ್ತೆ ತಂದ್ರು, ವಿಮರ್ಶಕರು ಮೆಚ್ಕೊಂಡ್ರು, ಮೂರು ಸೀಸನ್ ಆದ್ಮೇಲೆ 2019ರಲ್ಲಿ ನೋಡೋರು ಸಾಕಷ್ಟಿಲ್ಲ ಅಂತ ನಿಲ್ಲಿಸಿದ್ರು. ಎಷ್ಟು ಜನ ನೋಡಿದ್ರು ಅಂತ ಹೊರಗಡೆ ಹೇಳ್ಲಿಲ್ಲ. 70ರ ದಶಕದಲ್ಲಿ ರೇಟಿಂಗ್ ಹಾಳೆ ಟೇಬಲ್ ಮೇಲೆ ಬಡಿದು ವಾದ ಮಾಡ್ತಿದ್ದ ಮನುಷ್ಯನ ಕೈಲಿ ಈ ಸಲ ಹಾಳೆನೇ ಇರ್ಲಿಲ್ಲ. ಇನ್ನೊಂದು ಪುಟ್ಟ ಚಾನೆಲ್ ಕೈಹಿಡೀತು, ಅದೂ 2020ಕ್ಕೆ ಮುಗೀತು.

ನಮ್ಮ ಜಿಲ್ಲೆಗಳಲ್ಲಿ ಈಗ ಫೋನ್ ಹಿಡ್ಕೊಂಡು ಯೂಟ್ಯೂಬಿಗೆ, ರೀಲ್ಸಿಗೆ ಕಾಮಿಡಿ ಮಾಡೋ ಹುಡುಗ್ರು ಹುಡುಗೀರು ಲೆಕ್ಕ ಇಲ್ಲದಷ್ಟು ಇದಾರೆ, ಕೆಲವರ ಟೈಮಿಂಗ್ ನೋಡಿದ್ರೆ ಕಂಪನಿ ರಕ್ತ ಇನ್ನೂ ಹರೀತಿದೆ ಅನ್ಸುತ್ತೆ. ಮಾಡಿದ್ದರ ಹಕ್ಕು ಅವರದೇ, ಎಷ್ಟು ಜನ ನೋಡಿದ್ರು ಅನ್ನೋದೂ ಎಲ್ರಿಗೂ ಕಾಣುತ್ತೆ, ಆ ಲೆಕ್ಕದಲ್ಲಿ ಟಿವಿ ಪ್ರೊಡ್ಯೂಸರ್‌ಗಿಂತ ಅವರೇ ವಾಸಿ. ಆದ್ರೆ ಒಂದು ನಿಮಿಷದ ರೀಲಲ್ಲಿ ಅತ್ತೆ ಸೊಸೆ ಜೋಕ್ ಆಗುತ್ತೆ, ಬೇರೆ ಲೋಟದ ಬಗ್ಗೆ ಒಂದು ಪೂರ್ತಿ ಜಗಳ ಆಗಲ್ಲ. ಅದಕ್ಕೆ ಅರ್ಧ ಗಂಟೆ ಬೇಕು, ಒಂದು ಹಾಲ್, ನಾಲ್ಕು ಜನ ಸಾಕು, ಮುಂದೆ ಕೂತು ನಗೋಕೆ ಒಂದು ಐವತ್ತು ಜನ ಸಿಕ್ರೆ ಇನ್ನೂ ಒಳ್ಳೇದು, ಗುಬ್ಬಿ ವೀರಣ್ಣ ಕಲಾಕ್ಷೇತ್ರ ನಮ್ಮೂರಲ್ಲೇ ಇದೆ. ಕ್ಯಾಮೆರಾ ಖರ್ಚು ಹೆಂಗೋ ಹೊಂದಿಸಬಹುದು. ಒಂದು ಎಪಿಸೋಡ್ ಬರೆಯೋಕೆ ಎರಡು ಮೂರು ವಾರ ತಗೊಳ್ಳಿ ಅಂತ ಇಬ್ಬರು ರೈಟರ್‌ಗಳಿಗೆ ಸಂಬಳ ಕೊಟ್ಟು ಕೂರಿಸಿ, ಆಮೇಲೆ ಬರೋ ಫೋನ್‌ಗಳನ್ನ ತಾನೇ ಎತ್ಕೊಳ್ಳೋ ಯಜಮಾನ ಒಬ್ಬ ಬೇಕು, ಕಷ್ಟ ಇರೋದು ಅಲ್ಲಿ.